ಉಮಕ್ಕನ ಎಡಗೈ

“ಸೋಪು ತನ್ರೇ ಯಾರಾದ್ರೂ, ಬಳೆ ಏರ್ತಿಲ್ಲ!” ಎಂದು ಕರಿಬಸಮ್ಮ ಒಳಗಿನಿಂದ ಕೂಗಿದಾಗ ವಿಮಲಾ ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

ಭದ್ರಾವತಿ ನ್ಯೂ ಟೌನಿನ ಆ ಮನೆಯಲ್ಲಿ ಉಮಾಮಹೇಶ್ವರಿಯ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಬಲಗೈ ತುಂಬ ಹಸಿರು ಬಳೆ. ಎಡಗೈ ಬೆರಳಿನಿಂದ ತೋಳಿನವರೆಗೆ ಊದಿ ಕಪ್ಪಿಟ್ಟಿತ್ತು. ಆ ಕೈಗೇ ಬಳೆ ನೂಕಲು ಗಂಡನ ಅಕ್ಕ ಕರಿಬಸಮ್ಮ ಒದ್ದಾಡುತ್ತಿದ್ದಳು.

“ಆ ಕೈ ಬಿಡಿ,” ಎಂದಳು ವಿಮಲಾ.

“ನೀವ್ಯಾರಮ್ಮ?”

“ಶಿವಮೊಗ್ಗ ಆಸ್ಪತ್ರೆ ನರ್ಸ್. ಮೂರು ಸಲ ಫೋನ್ ಮಾಡಿದ್ದೆ. ಮೂರು ಸಲಾನೂ ನೀವೇ ಎತ್ತಿದ್ರಿ.”

ಕರಿಬಸಮ್ಮನ ಮುಖ ಸಣ್ಣದಾಯಿತು, ಬಾಯಿ ಸಣ್ಣದಾಗಲಿಲ್ಲ. “ಮುತ್ತೈದೆ ಸಾವು ಸಿಸ್ಟರ್. ಬೋಳು ಕೈಲಿ ಕಳಿಸಕ್ಕಾಗುತ್ತಾ? ಸತ್ತವಳಿಗೆ ಇನ್ನೇನು ನೋವು?”

“ಬದುಕಿದ್ದಾಗ ನೋವಿತ್ತಲ್ಲ, ಆಗ ಕೇಳಿದ್ರಾ?”

*

ಎರಡು ವರ್ಷದ ಹಿಂದೆ, ಸ್ತನದ ಆಪರೇಷನ್, ಕೀಮೋ, ರೇಡಿಯೇಷನ್ನಿನ ಕರೆಂಟು ಎಲ್ಲ ಮುಗಿದ ದಿನ, ಡಾಕ್ಟರು ಫೈಲು ಮುಚ್ಚಿ “ಇನ್ನು ಆರಾಮಾಗಿರಿ” ಎಂದಿದ್ದರು. ಆರಾಮಾಗಿ ಇರುವುದು ಹೇಗೆಂದು ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ವಿಮಲಾ ಡ್ಯೂಟಿ ಮುಗಿಸಿ ಕಾರಿಡಾರಿನ ಬೆಂಚಿನ ಮೇಲೆ ಅವಳ ಪಕ್ಕ ಕೂತಿದ್ದಳು.

“ಉಮಕ್ಕ, ನಿಮ್ಮ ಕಂಕುಳ ಗಂಟು ತೆಗೆದಿದ್ದಾರೆ. ಅದಕ್ಕೇ ಈ ಎಡಗೈ ನೀರು ನಿಂತು ಊದಿದೆ, ಇನ್ನು ಮೇಲೂ ಊದುತ್ತೆ. ಸೂಜಿ, ಬಿಪಿ, ಬಿಗಿ ಬಳೆ ಯಾವುದೂ ಬೇಡ. ಗಾಯವಾಗಿ ಕೆಂಪಾದ್ರೆ, ಜ್ವರ ಬಂದ್ರೆ, ನಾಳೆ ಅನ್ನಬೇಡಿ. ಅವತ್ತೇ ಬನ್ನಿ. ದಿನಾ ಕೈ ಎತ್ತಿ ವ್ಯಾಯಾಮ ಮಾಡಿ.”

“ಗೋಡೆ ಮುಂದೆ ನಿಂತು ಕೈ ಎತ್ತಿದ್ರೆ ಮನೇಲಿ ನಗ್ತಾರೆ ಸಿಸ್ಟರ್.”

ವಿಮಲಾ ಸ್ವಲ್ಪ ಯೋಚಿಸಿದಳು. “ಲಿಂಗಪೂಜೆ ಮಾಡ್ತೀರಲ್ಲ? ಲಿಂಗ ಎಡಗೈಲೇ ತಾನೆ ಇಟ್ಕೊಳ್ಳೋದು? ಮೊಣಕೈ ಕೆಳಗೆ ದಿಂಬು ಇಟ್ಟು, ಕೈ ಎದೆಗಿಂತ ಮೇಲೆ ಹಿಡೀರಿ. ಅದಕ್ಕೆ ಯಾರು ನಗ್ತಾರೆ ನೋಡೋಣ.”

ಉಮಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಮೂರು ತಿಂಗಳ ಮೇಲೆ ಟೇಪಿನಲ್ಲಿ ಅಳೆದಾಗ ಬಾವು ಒಂದು ಇಂಚು ಇಳಿದಿತ್ತು.

*

ಹೋದ ವಾರ ಶಿವಮೊಗ್ಗದ ಕೋಟೆ ರಸ್ತೆಯ ಮನೆಯಲ್ಲಿ ಕರಿಬಸಮ್ಮನ ಸೊಸೆಗೆ ಸೀಮಂತ. ಬಂದ ಮುತ್ತೈದೆಯರಿಗೆಲ್ಲ ಬಳೆ. ಉಮಕ್ಕ ಬಲಗೈ ಮಾತ್ರ ಚಾಚಿದಳು.

“ಕ್ಯಾನ್ಸರ್ ಹೋಯ್ತಲ್ಲ, ಇನ್ನೂ ಎಷ್ಟು ದಿನ ಕೈ ಕೈ ಅಂತೀಯಾ? ಜನ ಏನಂತಾರೆ?” ಎಂದು ಕರಿಬಸಮ್ಮ ಎಡಗೈಗೂ ಸೋಪು ಹಚ್ಚಿಸಿದಳು.

“ಹಾಕಿಸ್ಕೋ ಮಾರಾಯ್ತಿ, ಎಲ್ರೂ ನೋಡ್ತಿದಾರೆ,” ಎಂದ ಗಂಡ ವೀರೇಂದ್ರ. ಆರನೇ ಬಳೆ ಒಡೆದು ಮಣಿಕಟ್ಟು ಗೀರಿತು. ಸುತ್ತ ಕೂತವರು ಶುಭ ಶುಭ ಎಂದರು.

ಮೂರನೇ ದಿನ ಕೈ ಕೆಂಪಾಗಿ ಜ್ವರ ಬಂತು. ಉಮಕ್ಕ ತಾನೇ ಫೋನ್ ಮಾಡಿದಳು. “ಇವತ್ತೇ ಬನ್ನಿ,” ಎಂದಳು ವಿಮಲಾ. ವೀರೇಂದ್ರ ಸೋಮವಾರ ಹೋಗೋಣ ಎಂದ. ಆರೈಕೆಗೆಂದು ಬಂದ ಕರಿಬಸಮ್ಮ ಗಾಯಕ್ಕೆ ಅರಿಶಿನ ಮೆತ್ತಿದಳು. ವಿಮಲಾಳ ಫೋನ್ ಬಂದಾಗಲೆಲ್ಲ, “ಚೆನ್ನಾಗಿದಾಳೆ, ಸುಮ್ನೆ ಹೆದರಿಸಬೇಡಿ,” ಎಂದು ಇಟ್ಟಳು. ಸೋಮವಾರದ ಹೊತ್ತಿಗೆ ನಂಜು ರಕ್ತಕ್ಕೆ ಇಳಿದಿತ್ತು. ಕ್ಯಾನ್ಸರ್ ಗೆದ್ದು ಬಂದವಳು ಬಳೆಚೂರಿನ ಗೀರಿಗೆ ಸತ್ತಳು.

*

ಸೋಪು ಬಂತು. ವಿಮಲಾ ಅದನ್ನು ಕಿತ್ತುಕೊಂಡಳು.

ಮೂಲೆಯಲ್ಲಿ ಕೂತಿದ್ದ ವೀರೇಂದ್ರ ಎದ್ದ. “ಅಕ್ಕಾ, ಬಳೆ ಕೆಳಗಿಡು.”

“ಜನ ಏನಂತಾರೋ?”

“ಅವತ್ತೂ ಅದನ್ನೇ ಅಂದೆ. ನಾನೂ ಅದನ್ನೇ ಅಂದೆ. ಇಡು ಕೆಳಗೆ!”

ವಿಮಲಾಗೆ ಮೈ ಉರಿಯಿತು. ಈ ಬಾಯಿ ಸೀಮಂತದ ಮನೆಯಲ್ಲಿ ಎಲ್ಲಿ ಹೋಗಿತ್ತು? ತನ್ನ ಮೇಲೂ ಅಷ್ಟೇ ಸಿಟ್ಟು ಬಂತು. ಶಿವಮೊಗ್ಗದಿಂದ ಇಲ್ಲಿಗೆ ಒಂದು ಬಸ್ಸಿನ ದಾರಿ. ಮೂರು ಸಲ ಫೋನ್ ಮಾಡುವ ಬದಲು ಒಂದು ಸಲ ಬಂದಿದ್ದರೆ ಆಗುತ್ತಿತ್ತು.

ರುದ್ರಭೂಮಿಯಲ್ಲಿ ಉಮಕ್ಕನನ್ನು ಗುಂಡಿಯೊಳಗೆ ಕೂರಿಸಿದರು. ಅಯ್ಯನವರು ಅವಳ ಎಡಗೈಯನ್ನು ತೊಡೆಯ ಮೇಲಿಟ್ಟು, ಅಂಗೈಯಲ್ಲಿ ಲಿಂಗ ಇಟ್ಟರು.

“ಹಂಗಲ್ಲ, ತಡೀರಿ ಅಯ್ಯನೋರೆ,” ಎನ್ನುತ್ತ ವೀರೇಂದ್ರ ಗುಂಡಿಗಿಳಿದ. ಟವೆಲಿನಲ್ಲಿ ಸುತ್ತಿ ತಂದಿದ್ದ ದಿಂಬನ್ನು ಹೆಂಡತಿಯ ಮೊಣಕೈ ಕೆಳಗೆ ತುರುಕಿದ. “ಕೈ ಎದೆಗಿಂತ ಮೇಲಿರ್ಬೇಕು. ದಿನಾ ಹಂಗೇ ಮಾಡ್ತಿದ್ಲು.”

ಸರಿಯಾಯಿತೇ ಎಂದು ತಲೆಯೆತ್ತಿ ವಿಮಲಾಳನ್ನು ನೋಡಿದ. ಅವಳ ಕಣ್ಣು ಆ ಕೈಯ ಮೇಲೇ ಇತ್ತು.

ಉಮಕ್ಕನ ಕೈ ದಿಂಬಿನಿಂದ ಜಾರಿತು. ಅವನು ಮತ್ತೆ ಎತ್ತಿ ಇಟ್ಟ. ಅದು ಮತ್ತೆ ಜಾರಿತು. ಕೊನೆಗೆ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದು, ಗುಂಡಿಯೊಳಗೇ ಕೂತುಬಿಟ್ಟ. ಮೇಲೆ ಮಣ್ಣು ಹಾಕುವವರು ಸಲಿಕೆ ಹಿಡಿದು ಕಾಯುತ್ತ ನಿಂತರು.