ಆಪರೇಷನ್ ಮಾಡಿದಾಕಿ

ಮರಳಿ ಗ್ರಾಮದ ಭತ್ತದ ರೈತ ಯಂಕೋಬ ಆಪರೇಷನ್ ನಂತರದ ತಪಾಸಣೆಗೆಂದು ಕೊಪ್ಪಳದ ಒಂದು ಖಾಸಗಿ ಆಸ್ಪತ್ರೆಗೆ ಬಂದಿದ್ದ. ಡಾಕ್ಟರ್ ದಾನೇಶ್ವರಿಯ ಎದುರು ಕುಳಿತರೂ ಅವನ ಕಣ್ಣು ಬಾಗಿಲ ಕಡೆಗೇ ಇತ್ತು.

"ಮೂತ್ರ ಹತೋಟ್ಯಾಗ ಐತೇನ್ರಿ?" ಅವಳು ಕೇಳಿದಳು.

"ಅದನ್ನ ದೊಡ್ಡ ಡಾಕ್ಟರ್ ಮುಂದ ಹೇಳ್ತೀನ್ರಿ ಯವ್ವಾ. ಆಪರೇಷನ್ ಮಾಡಿದವರು ಅವರ ಅಲ್ಲೇನ್ರಿ?"

"ಮಾಡಿದಾಕಿ ನಾನು."

ಯಂಕೋಬ ಹೆಂಡತಿ ಮುದಕಮ್ಮನ ಮುಖ ನೋಡಿದ. "ನೀವು ಅವರ ಕೈಕೆಳಗಿನಾಕಿ ಅಂತ ದೊಡ್ಡ ಡಾಕ್ಟರ್ ಹೇಳಿದ್ರಲ್ರಿ!" ಎಂದಳು ಮುದಕಮ್ಮ.

ದಾನೇಶ್ವರಿಯ ಮೈಯೆಲ್ಲ ಉರಿದುಹೋಯಿತು. ಯಲಬುರ್ಗಾದ ಬಟ್ಟೆ ವ್ಯಾಪಾರಿಯ ಮಗಳು ಅವಳು. "ಗಂಡಸರ ರೋಗ ನಿನಗ್ಯಾಕವ್ವಾ?" ಎಂದ ಬಂಧುಗಳಿಗೆ ಸೊಪ್ಪು ಹಾಕದೆ, ಪ್ರಾಸ್ಟೇಟ್ ಕ್ಯಾನ್ಸರಿಗೆ ರೋಬೋಟ್ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತಿದ್ದಳು. ಹೆಸರಿಗಷ್ಟೇ ರೋಬೋಟ್; ಅದು ತಾನಾಗಿ ಏನನ್ನೂ ಕೊಯ್ಯದು. ಪಕ್ಕದಲ್ಲಿ ಕುಳಿತು ಪರದೆಗೆ ಕಣ್ಣಿಟ್ಟು ಅದರ ಕೈಗಳನ್ನು ಆಡಿಸುವವಳು ಇವಳು. ಪ್ರಾಸ್ಟೇಟ್ ಗ್ರಂಥಿಗೆ ಅಂಟಿದ ನೂಲೆಳೆಯಂಥ ನರಗಳು ಹರಿದರೆ ಮೂತ್ರದ ಹತೋಟಿಗೂ ಗಂಡಸುತನಕ್ಕೂ ಪೆಟ್ಟು; ರೋಗಿಯ ಮುಂದಿನ ಬಾಳೇ ಬೇರೆ. ಯಂಕೋಬನ ನರಗಳನ್ನು ಅವಳು ಉಸಿರು ಬಿಗಿಹಿಡಿದು ಉಳಿಸಿದ್ದಳು.

ನೇರವಾಗಿ ಮುಖ್ಯಸ್ಥ ಡಾಕ್ಟರ್ ಕಲ್ಲೇಶರ ಕೋಣೆಗೆ ನುಗ್ಗಿ, ರೋಗಿಗಳಿಗೆ ಯಾಕೆ ಸುಳ್ಳು ಹೇಳಿದಿರೆಂದು ಕೇಳಿದಳು. ಅವರು ನಕ್ಕರು.

"ಹೆಣ್ಮಗಳು ಮಾಡ್ತಾಳ ಅಂದ್ರ ಈ ಕಡೆ ಗಂಡಸ್ರು ಹೊಸ್ತಿಲಾ ತುಳಿಯೂದಿಲ್ಲ. ಅವರ ಒಳ್ಳೇದಕ್ಕ ಹೇಳಿದ ಸುಳ್ಳು, ಬಿಡ್ರಿ."

"ತಮ್ಮ ಮೈಯಾಗ ಯಾರು ಕೈ ಹಾಕ್ತಾರ ಅಂಬೂದು ಅವರಿಗೆ ಗೊತ್ತಿರಬಾರದೇನ್ರಿ? ಬ್ಯಾಡಂದ್ರ ಬ್ಯಾಡನ್ಲಿ. ಕಳ್ಳಿ ಹಂಗ ನಾ ಯಾಕ ಮಾಡ್ಲಿ?"

ಕಲ್ಲೇಶರು ಮುಂದಿನ ರೋಗಿಯನ್ನು ಕರೆಯಲು ಗಂಟೆ ಒತ್ತಿದರು.

ಆ ಭಾನುವಾರ ಗಂಗಾವತಿಯ ಕಲ್ಯಾಣ ಮಂಟಪದಲ್ಲಿ ಗಂಡಸರಿಗಾಗಿ ಆಸ್ಪತ್ರೆಯ ಪ್ರಾಸ್ಟೇಟ್ ತಪಾಸಣಾ ಶಿಬಿರವಿತ್ತು. ಬ್ಯಾನರಿನ ತುಂಬ ಕಲ್ಲೇಶರ ನಗುಮುಖ. ವಾಸಿಯಾದವನೆಂದು ತೋರಿಸಲು ಯಂಕೋಬನನ್ನೂ ಕರೆಸಿದ್ದರು; ಮುದಕಮ್ಮನೂ ಜೊತೆಗೆ ಬಂದಿದ್ದಳು. "ನಾನು ಮಾಡಿದ ಆಪರೇಷನ್..." ಎಂದು ಕಲ್ಲೇಶರು ಶುರು ಮಾಡುತ್ತಲೇ ದಾನೇಶ್ವರಿ ವೇದಿಕೆ ಹತ್ತಿ ಮೈಕು ಕಸಿದಳು.

"ಸಾಹೇಬ್ರು ಆ ಮಷಿನ್ ಮುಂದ ಒಮ್ಮೆನೂ ಕುಂತಿಲ್ರಿ. ಮಾಡೂವಾಕಿ ನಾನು. ನಿಮಗ ಸುಳ್ಳು ಹೇಳ್ಯಾರ. ನನ್ನ ಕಡೆ ಮಾಡಿಸ್ಕೊಳ್ಳೂದು ಬಿಡೂದು ನಿಮಗ ಬಿಟ್ಟಿದ್ದು."

ಕುರ್ಚಿಗಳು ಕರಕರ ಎಂದವು. ಗಂಡಸರು ಟವೆಲ್ಲು ಕೊಡವಿಕೊಂಡು ಒಬ್ಬೊಬ್ಬರಾಗಿ ಎದ್ದರು. ಮುದಕಮ್ಮನಿಗೆ ತಡೆಯಲಾಗಲಿಲ್ಲ.

"ನಾವು ಹಡಿಯಾಕ ಹೋದಾಗ ಗಂಡಸ ಡಾಕ್ಟರ್ ನೋಡಲಿಲ್ಲೇನು? ಆವಾಗ ಎಲ್ಲಿ ಹೋಗಿತ್ತು ನಿಮ್ಮ ನಾಚಿಕಿ? ನಮ್ಮ ಮನ್ಯಾವರನ್ನ ಉಳಿಸಿದಾಕಿ ಈಕೀನ!"

ಯಂಕೋಬ ತಲೆ ತಗ್ಗಿಸಿಯೇ, "ಹೌದ್ರಿ, ಛಲೋ ಅದೀನಿ" ಎಂದ.

ಹೊರಟವರಲ್ಲಿ ಹೆಚ್ಚಿನವರು ತಿರುಗಿ ನೋಡಲಿಲ್ಲ. ತಪಾಸಣೆಗೆ ಬಂದಿದ್ದ ತಳಕಲ್ಲಿನ ಗಾಳೆಪ್ಪ ಮಾತ್ರ ವೇದಿಕೆಯ ಹತ್ತಿರ ಬಂದು ದನಿ ತಗ್ಗಿಸಿದ. "ಆಪರೇಷನ್ ಆದಮ್ಯಾಲ ಮೂತ್ರ ಸೋರಿ ಧೋತರ ಒದ್ದಿ ಆಗ್ತೈತೇನ್ರಿ ಡಾಕ್ಟರಮ್ಮಾ?"

"ಸ್ವಲ್ಪ ದಿನ ಆಗ್ತೈತ್ರಿ. ಭಾಳ ಮಂದಿಗೆ ಬರಬರ್ತಾ ಕಡಿಮಿ ಆಗ್ತೈತಿ. ಮೊದ್ಲ ನಿಮಗ ಆಪರೇಷನ್ ಬೇಕೋ ಬ್ಯಾಡೋ ನೋಡೂಣು, ಕುಂದರ್ರಿ."

"ನಾಳಿಂದ ಮಷಿನ್ ಮುಟ್ಟಬ್ಯಾಡ್ರಿ" ಎಂದು ದಾನೇಶ್ವರಿಗೆ ಹೇಳಿ ಕಲ್ಲೇಶರು ಕಾರು ಹತ್ತಿದರು.

ನಡೆಸಬಲ್ಲವರು ಬೇರೆ ಯಾರೂ ಇಲ್ಲದೆ ಯಂತ್ರ ಹೊದಿಕೆ ಹೊದ್ದು ಮೂಲೆಯಲ್ಲಿ ನಿಂತಿತು. ದಿನ ಗೊತ್ತು ಮಾಡಿಕೊಂಡಿದ್ದ ರೋಗಿಗಳ ಮನೆಯವರು ಜಗಳಕ್ಕೆ ನಿಂತ ಮೇಲೆ ಕಲ್ಲೇಶರೇ ಫೋನ್ ಮಾಡಿ ಅವಳನ್ನು ವಾಪಸ್ಸು ಕರೆದರು.

"ಪ್ರತಿಯೊಬ್ಬ ರೋಗಿಗೂ ಮಾಡೂವಾಕಿ ನಾನು ಅಂತ ಮೊದ್ಲ ಹೇಳಬೇಕು. ಹಂಗಾದ್ರ ಬರ್ತೀನಿ" ಎಂದಳು ದಾನೇಶ್ವರಿ.

"ನೋಡೂಣಂತ."

"ನೋಡೂದೇನೈತ್ರಿ ಇದರಾಗ?" ಎಂದು ಸಿಟ್ಟಿನಿಂದ ಫೋನ್ ಇಟ್ಟಳು. ಅವಳ ಷರತ್ತಿಗೆ ಒಪ್ಪಿಕೊಂಡೆವೆಂಬ ಕರೆ ಆಸ್ಪತ್ರೆಯಿಂದ ಬಂದಾಗಲೂ ಅವಳು ಥ್ಯಾಂಕ್ಸ್ ಹೇಳಲಿಲ್ಲ.