ಶೇಖಮ್ಮನ ದಿಬ್ಬ

ಪರಮಣ್ಣ ಓಡಿ ಬಂದು ಸಲಿಕೆಯ ಕಾವು ಹಿಡಿದುಕೊಂಡಾಗ ಕುಣಿ ಇನ್ನೂ ಮೊಣಕಾಲುದ್ದವಷ್ಟೇ ಇಳಿದಿತ್ತು.

"ತಾಯಣ್ಣ ಮಾಮಾ, ನಿಲ್ಲಸ್ರಿ. ಇಲ್ಲಿ ಅಗೀಬಾರದು ಅಂದಾರ."

"ಯಾರಲೇ ಅಂದವರು?"

"ಕಂಪನಿ ಸಾಹೇಬ್ರು."

ಕುಣಿ ತೀರಿಕೊಂಡ ಶೇಖಮ್ಮನಿಗೆ; ಅಗೆಯುತ್ತಿದ್ದ ತಾಯಣ್ಣ ಅವಳ ತಮ್ಮ. ಪರಮಣ್ಣನೂ ಅದೇ ಓಣಿಯವನು, ಹೊಟ್ಟೆಪಾಡಿಗೆ ಕಂಪನಿಯ ಪರವಾಗಿ ದಿಬ್ಬ ಕಾಯಲು ನಿಂತವನು. ರಾಯಚೂರು ಸೀಮೆಯ ಜಾಲಹಳ್ಳಿ ಕಡೆಯ ಬಂಗಾರದ ಗಣಿ ಮುಚ್ಚಿ ಒಂದು ತಲೆಮಾರು ಕಳೆದಿತ್ತು. ಕಲ್ಲು ಅರೆದು, ಬಂಗಾರ ತೆಗೆದು, ಬಿಸಾಕಿದ ಬೂದು ಮಣ್ಣು ದಿಬ್ಬವಾಗಿ ಬಿದ್ದಿತ್ತು. ಇಷ್ಟು ದಿನ ಅದನ್ನು ನಾಯಿಯೂ ಮೂಸುತ್ತಿರಲಿಲ್ಲ. ಬಂಗಾರದ ರೇಟು ಮುಗಿಲು ಮುಟ್ಟಿದ್ದೇ ತಡ, ಅದರಲ್ಲಿ ಇನ್ನೆಷ್ಟು ಉಳಿದಿದೆ ಎಂದು ನೋಡಲು ಕಂಪನಿಯೊಂದು ಬಂದಿತು. ಅಲ್ಲಲ್ಲಿ ಕೊರೆದು, ಮಣ್ಣನ್ನು ಚೀಲಕ್ಕೆ ತುಂಬಿ ಪರೀಕ್ಷೆಗೆ ಕಳಿಸತೊಡಗಿತು. ಶೇಖಮ್ಮನ ಗಂಡನ ಸಮಾಧಿ ಇದ್ದದ್ದು ಆ ದಿಬ್ಬದ ಬುಡದಲ್ಲೇ.

"ಅಗಿ ಮಾಮಾ. ಸಾಹೇಬ್ರು ಬರಲಿ, ನಾ ಮಾತಾಡತೀನಿ," ಎಂದಳು ಉಮಾದೇವಿ. ಶೇಖಮ್ಮನ ಒಬ್ಬಳೇ ಮಗಳು, ಮಾನ್ವಿಯಲ್ಲಿ ಟೀಚರು.

*

ಕೆಲವು ತಿಂಗಳ ಹಿಂದೆ ರಾಯಚೂರಿನ ದವಾಖಾನೆಯಲ್ಲಿ ಡಾಕ್ಟರು ಶೇಖಮ್ಮನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಎದೆಯ ತುಂಬ ಬಿಳಿ ಚುಕ್ಕೆ ತೋರಿಸಿದ್ದರು. ಗಣಿಯ ಧೂಳು ಒಳಗೆ ಕೂತು ಗಟ್ಟಿಯಾಗಿದೆ, ಇನ್ನು ಮದ್ದಿಲ್ಲ ಎಂದರು. ಶೇಖಮ್ಮ ಕೆಮ್ಮು ಸುಧಾರಿಸಿಕೊಂಡು ಕೇಳಿದಳು:

"ಬರೇ ಮಣ್ಣ ಕಾಣತದೇನ್ರೀ, ಬಂಗಾರನೂ ಒಂಚೂರು ಅದಾ?"

ಹೊರಗೆ ಬೇವಿನ ಕೆಳಗೆ ಕೂತ ಮೇಲೆ ಮಗಳ ಕೈ ಹಿಡಿದಳು. "ಅಳಬ್ಯಾಡ. ನಿಮ್ಮಪ್ಪನ ಮಗ್ಗಲಾಗ ನನ್ನ ಇಡು. ಅಲ್ಲಿಂದ ಯಾರೂ ನನ್ನ ಎಬ್ಬಿಸಬಾರದು, ನೋಡು ಮತ್ತ."

*

ಕಂಪನಿ ಸಾಹೇಬರು ಜೀಪಿನಲ್ಲಿ ಕುಣಿಯ ಹತ್ತಿರ ಬಂದರು. ವಯಸ್ಸು ಚಿಕ್ಕದು, ಮಾತು ಮೆತ್ತಗೆ.

"ಬೇರೆ ಜಾಗ ತೋರಿಸ್ತೀವಿ ಮೇಡಂ. ಪರೀಕ್ಷೆ ಮುಗಿಯೋವರೆಗೆ ಇಲ್ಲಿಂದ ಒಂದು ಹಿಡಿ ಮಣ್ಣೂ ಆಚೆ ಹೋಗೋ ಹಾಗಿಲ್ಲ."

"ಒಯ್ಯಾಕ ಯಾರು ಬಂದಾರ್ರೀ? ನಾವು ವಾಪಸ್ ಕೊಡಾಕ ಬಂದೀವಿ. ನಿಮ್ಮ ಮಣ್ಣು ನಮ್ಮವ್ವನ ಎದಿಯಾಗ ಅದ. ಅದನ್ನೂ ಪರೀಕ್ಷೆ ಮಾಡಸ್ರಿ."

ಸಾಹೇಬರು ಯಾರಿಗೋ ಫೋನು ಹಚ್ಚಿ, ದೂರ ನಿಂತು ಮಾತಾಡಿ ಬಂದರು. ಹೂಳಬಹುದು, ಆದರೆ ಗುಡ್ಡೆ ಏರಿಸಬಾರದು, ಕಲ್ಲು ನೆಡಬಾರದು, ನೆಲ ಸಮ ಇರಬೇಕು ಎಂದರು.

"ಸಮ ಮಾಡಿದರ ನಾಳೆ ನಿಮ್ಮ ಮಷೀನು ಆಕಿ ಮ್ಯಾಲೆ ನಿಲ್ಲತದ," ಎಂದಳು ಉಮಾದೇವಿ.

ಸಾಹೇಬರು ಜೀಪಿನ ಕಡೆ ನಡೆದರು. ತಾಯಣ್ಣ ಅವಳ ಕಿವಿಯಲ್ಲಿ, "ಹೆಣ ಇಟಗೊಂಡು ಜಗಳ ಬ್ಯಾಡ ಮಗಳ, ಹೂಂ ಅನ್ನು," ಎಂದ. ಅವಳು ಅವ್ವನ ಹೆಣದ ಹತ್ತಿರ ಹೋದಳು.

ಶೇಖಮ್ಮನನ್ನು ಇಳಿಸಿದರು. ಎಲ್ಲರೂ ಹಿಡಿ ಮಣ್ಣು ಹಾಕಿದರು. ತಾಯಣ್ಣ ಸಲಿಕೆಯಿಂದ ಎಳೆದು ನೆಲ ಸಮ ಮಾಡಿದ. ಅವ್ವ ಅಲ್ಲಿ ಇದ್ದಾಳೆ ಎಂಬುದಕ್ಕೆ ಗುರುತೇ ಉಳಿಯಲಿಲ್ಲ.

ಆಗ ಬೂದೆಮ್ಮ ಎದ್ದಳು. ಗಣಿಯಲ್ಲಿ ಶೇಖಮ್ಮನ ಜೋಡಿ ದುಡಿದ ಮುದುಕಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಣಿಯ ಬಳಿ ಇದ್ದ ಬುಟ್ಟಿ ಎತ್ತಿಕೊಂಡು ದಿಬ್ಬ ಏರಿದಳು. ಅವಳ ಹಿಂದೆ ಅದೇ ಗಣಿಯ ಉಳಿದ ಮುದುಕಿಯರು. ಯಾರೂ ಯಾರಿಗೂ ಹೇಳಲಿಲ್ಲ. ಮೇಲಿನಿಂದ ಬುಡದವರೆಗೆ ಒಬ್ಬರ ಕೆಳಗೊಬ್ಬರು ಸಾಲು ನಿಂತರು. ಅವರು ಗಣಿಯಲ್ಲಿ ದುಡಿಯುವ ಕಾಲದಲ್ಲಿ ಮಣ್ಣು ಸಾಗಿಸುವ ಸಾಲು ಒಮ್ಮೆ ನಿಂತರೆ ಸೀಟಿ ಊದುವ ತನಕ ಕದಲುವಂತಿರಲಿಲ್ಲ. ಮಣ್ಣು ತುಂಬಿದ ಬುಟ್ಟಿ ಕೈಯಿಂದ ಕೈಗೆ ಇಳಿದು ಬಂತು. ಕೊನೆಯ ಕೈ ಉಮಾದೇವಿಯದು. ಅವಳು ಅವ್ವನ ಮೇಲೆ ಸುರಿದಳು.

"ಸಾಕು ಬೇ ಯವ್ವಾ, ನನ್ನ ನೌಕರಿ ಹೋಗತದ," ಎಂದ ಪರಮಣ್ಣ.

"ಸಾಕು ಅಂತ ಗಣಿಯವರು ನಮಗ ಯಾವತ್ತಾರ ಅಂದಿದ್ರೇನಲೇ?" ಎಂದಳು ಬೂದೆಮ್ಮ ಮೇಲಿನಿಂದ.

ಜೀಪು ಹಾರ್ನ್ ಹೊಡೆಯಿತು. ಸಾಲು ಅಲುಗಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಹಾಕಿಕೊಂಡ ಹೊಸ ದಿಬ್ಬ ಉಮಾದೇವಿಯ ಎದೆಮಟ್ಟಕ್ಕೆ ಏರಿತ್ತು. ಮೇಲಿನಿಂದ ಬುಟ್ಟಿ ಇನ್ನೂ ಬರುತ್ತಲೇ ಇತ್ತು.