ಲೆನ್ಸ್ ಕೂರುವ ತನಕ

"ಇನ್ನೂ ಬಗ್ಗು. ಮುಖ ಪೂರ್ತಿ ನೆಲಕ್ಕೆ ತಿರುಗಿರಲಿ," ಎಂದು ಜುಮಾನಾ ಇಂಗ್ಲಿಷಿನಲ್ಲಿ ಹೇಳಿದಳು. ನಿಶ್ಮಿತಾ ಮೇಜಿನ ಮೇಲೆ ಬಗ್ಗಿ ಬೆರಳುಗಳಿಂದ ಎಡಗಣ್ಣಿನ ರೆಪ್ಪೆ ಅಗಲಿಸಿ ಹಿಡಿದಳು. ಜುಮಾನಾಳ ಕೈಯಲ್ಲಿದ್ದ ರಬ್ಬರ್ ಕಡ್ಡಿಯ ತುದಿಯಲ್ಲಿ ಲೆನ್ಸು ಪುಟ್ಟ ಬಟ್ಟಲಿನ ಹಾಗೆ ಕೂತಿತ್ತು, ಅದರ ತುಂಬ ಉಪ್ಪುನೀರು. ಕಣ್ಣಿಗೆ ತಾಗಿದ್ದೇ ಹುಡುಗಿ ಬೆಚ್ಚಿದಳು. ನೀರು ಚೆಲ್ಲಿತು, ಲೆನ್ಸು ಟವೆಲಿನ ಮೇಲೆ ಬಿತ್ತು.

"ಸಾರಿ," ಎಂದಳು ನಿಶ್ಮಿತಾ.

ಹಿಂದಿನ ಕುರ್ಚಿಯಲ್ಲಿ ಮಗಳ ಕನ್ನಡಕ ಹಿಡಿದು ಕೂತಿದ್ದ ಸುಶಾಂತನಿಗೆ ಆ ಮಾತು ಚುಚ್ಚಿತು. ಏನು ತಪ್ಪಿದರೂ ಮೊದಲು ಸಾರಿ ಹೇಳಿಬಿಡುವುದು ಅವಳಿಗೆ ಈಚೆಗೆ ರೂಢಿಯಾಗಿತ್ತು. ಆ ರೂಢಿ ಮಾಡಿಸಿದವನು ತಾನೇ ಎಂಬುದು ಅವನಿಗೆ ಗೊತ್ತಿತ್ತು.

ಗಲ್ಫ್ ನಗರದ ಐನ್ ಖಾಲಿದ್ ಬಡಾವಣೆಯ ಆ ಕಣ್ಣಿನ ಕ್ಲಿನಿಕ್ಕಿನಲ್ಲಿ ಜುಮಾನಾ ಲೆನ್ಸಿನ ಅಳತೆ ನೋಡುವವಳು. ನಿಶ್ಮಿತಾಳ ಎರಡೂ ಕಣ್ಣಿನ ಕಾರ್ನಿಯಾ ತೆಳುವಾಗಿ ಶಂಕುವಿನ ಹಾಗೆ ಮುಂದಕ್ಕೆ ಉಬ್ಬಿದೆ, ಕನ್ನಡಕ ಎಷ್ಟು ಬದಲಾಯಿಸಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹಿಂದಿನ ವಾರವೇ ಹೇಳಿ, ಇವರನ್ನು ಅವಳ ಬಳಿ ಕಳಿಸಿದ್ದರು. ಜುಮಾನಾ ಟ್ರೇಯಲ್ಲಿ ಮೂರು ಬಗೆಯ ಲೆನ್ಸ್ ಇಟ್ಟು, ನಿನಗೆ ಯಾವುದು ಇಷ್ಟ, ನೋಡೋಣ ಎಂದಿದ್ದಳು. ನಿಶ್ಮಿತಾ ಗೆಳತಿಯರೆಲ್ಲ ಹಾಕುವ ಮೆತ್ತನೆಯದನ್ನೇ ತೋರಿಸಿದಳು. ಅದು ಕಣ್ಣಿಗೆ ಹಾಯಾಗಿ ಕೂತಿತು, ಆದರೆ ಗೋಡೆಯ ಮೇಲಿನ ಅಕ್ಷರ ಒಂದೂ ನೆಟ್ಟಗಾಗಲಿಲ್ಲ. ಸಣ್ಣ ಗಟ್ಟಿ ಲೆನ್ಸ್ ಹಾಕಿದಾಗ ಕಣ್ಣೀರು ಧಾರೆಯಾಗಿ, ರೆಪ್ಪೆ ತೆರೆಯಲೇ ಆಗಲಿಲ್ಲ. ಉಳಿದದ್ದು ಇದೊಂದು, ಕಣ್ಣಿನ ಬಿಳಿಯ ಮೇಲೆ ಕೂರುವ ದೊಡ್ಡದು.

ನಿಶ್ಮಿತಾಗೆ ಹದಿನಾರು. ಶುಕ್ರವಾರ ಬೆಳಿಗ್ಗೆ ಊರವರು ಸೇರಿ ಬ್ಯಾಡ್ಮಿಂಟನ್ ಆಡುವ ಹಾಲಿಗೆ ಸುಶಾಂತ ಅವಳನ್ನು ಚಿಕ್ಕಂದಿನಿಂದ ಕರೆದೊಯ್ಯುತ್ತಿದ್ದ. ಕಾಲೇಜಿನ ದಿನಗಳಲ್ಲಿ ಅವನು ಮಂಗಳೂರಿನಲ್ಲಿ ಒಳ್ಳೆಯ ಆಟಗಾರ. ಮಗಳ ಕೈಯೂ ಅಷ್ಟೇ ಚುರುಕಾಗಿತ್ತು. ಆಮೇಲೆ ಅವಳು ಷಟಲ್ ತಪ್ಪಿಸತೊಡಗಿದಳು, ಸುಲಭದ್ದನ್ನೇ. ಒಂದು ಲೈಟು ನಾಲ್ಕು ಲೈಟಾಗಿ ಕಾಣುತ್ತದೆ ಎಂದಳು. ಆಡಲು ಮನಸ್ಸಿಲ್ಲದ್ದಕ್ಕೆ ನೆಪ ಎಂದುಕೊಂಡ. ಟ್ರೆವರ್ ಎಂಬ ಗೆಳೆಯ, ಮಗುವಿಗೆ ಕಾಣುವುದೇ ಇಲ್ಲವೋ ಏನೋ ಮಾರಾಯ ಎಂದಾಗಲೂ ನಕ್ಕುಬಿಟ್ಟಿದ್ದ. ಎಲ್ಲರೆದುರು, ಕಣ್ಣು ಎಲ್ಲಿಟ್ಟಿದ್ದಿ ಎಂದು ಕಿರುಚಿದ್ದ. ಆಟ ಮುಗಿದ ಮೇಲೂ ಅವಳನ್ನು ಒಬ್ಬಳೇ ನಿಲ್ಲಿಸಿ, ತೋಳು ಸೋಲುವ ತನಕ ಸರ್ವ್ ಮಾಡಿಸಿದ್ದ. ಕಾಂಟ್ಯಾಕ್ಟ್ ಲೆನ್ಸ್ ಕೊಡಿಸಿ ಎಂದು ಅವಳು ಕೇಳಿದ್ದೂ ಆಗಲೇ. ಹತ್ತನೆಯ ಕ್ಲಾಸಿಗೆ ಬರುವ ಮೊದಲೇ ಸ್ಟೈಲ್ ಬೇಕಾ ಎಂದು ಬಾಯಿ ಮುಚ್ಚಿಸಿದ್ದ.

ಹೆಂಡತಿ ಹರಿಣಾಕ್ಷಿ ಮಾತ್ರ ಬಿಡಲಿಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದು ದಿನಾ ಹೇಳಿದಳು. ಒಂದು ಸಂಜೆ ಸುಶಾಂತ ಮಗಳನ್ನು ಮಾಲಿನ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದ. ಹೊಸ ಕನ್ನಡಕ ಕೊಡಿಸಿ, ಡಾಕ್ಟರು ನೋಡಿದರು, ಪವರ್ ಸ್ವಲ್ಪ ಜಾಸ್ತಿಯಾಗಿದೆ ಅಷ್ಟೇ ಎಂದು ಮನೆಯಲ್ಲಿ ಹೇಳಿದ. ನಿಶ್ಮಿತಾ ಪಕ್ಕದಲ್ಲೇ ನಿಂತಿದ್ದಳು.

ಜುಮಾನಾ ಮತ್ತೊಮ್ಮೆ ಪ್ರಯತ್ನಿಸಿದಾಗ ಲೆನ್ಸಿನಡಿ ಗಾಳಿಯ ಗುಳ್ಳೆ ಸಿಕ್ಕಿಕೊಂಡಿತು. ಅದರ ಮುಂದಿನ ಸಲ ಎಡಗಣ್ಣಿನದು ಸರಿಯಾಗಿ ಕೂತಿತು, ಆಮೇಲೆ ಬಲಗಣ್ಣಿನದೂ ಕೂತಿತು. ಲೆನ್ಸ್ ಕಣ್ಣಿಗೆ ಹೊಂದಿಕೊಳ್ಳಲು ಹೊತ್ತು ಬೇಕು, ಹೊರಗೆ ತಿರುಗಾಡಿ ಬನ್ನಿ ಎಂದು ಹೇಳಿ, ಜುಮಾನಾ ಕಂಪ್ಯೂಟರಿನ ಕಡೆ ತಿರುಗಿದಳು. ತೊಂದರೆ ಯಾವಾಗಿನಿಂದ ಶುರುವಾಯಿತು ಎಂದು ಕೇಳಿದಳು.

"ತ್ರೀ ಮಂತ್ಸ್," ಎಂದಳು ನಿಶ್ಮಿತಾ, ಅಪ್ಪನ ಕಡೆ ನೋಡದೆ.

ಜುಮಾನಾ ಹೌದೇ ಎನ್ನುವಂತೆ ಸುಶಾಂತನನ್ನು ನೋಡಿದಳು. ಅವನು ತಲೆಯಾಡಿಸಿಬಿಟ್ಟ. ಆಡಿಸಿದ ಮೇಲೆಯೇ ತಾನು ಮಾಡಿದ್ದೇನೆಂದು ಅವನಿಗೆ ಹೊಳೆದದ್ದು.

ಜುಮಾನಾಳ ಹುಬ್ಬು ಗಂಟಿಕ್ಕಿತು. ಮೂರೇ ತಿಂಗಳಲ್ಲಿ ಇಷ್ಟಾಗಿದ್ದರೆ ಇದು ಬಹಳ ಬೇಗ ಹೆಚ್ಚುತ್ತಿದೆ, ಬೆಳಕು ಹಾಯಿಸಿ ಕಾರ್ನಿಯಾ ಗಟ್ಟಿಮಾಡುವ ಚಿಕಿತ್ಸೆಯನ್ನು ಡಾಕ್ಟರು ಈ ವಾರವೇ ಮಾಡಬೇಕಾದೀತು, ಅದಕ್ಕೇ ಸರಿಯಾಗಿ ಹೇಳಬೇಕು ಎಂದಳು. ನಿಶ್ಮಿತಾ ಎರಡು ಕೈಗಳನ್ನೂ ತೊಡೆಯ ನಡುವೆ ಸೇರಿಸಿ ಕೂತಳು. ಅವಳ ಕತ್ತು ಬಿಗಿದುಕೊಂಡದ್ದು ಹಿಂದಿನಿಂದ ಸುಶಾಂತನಿಗೆ ಕಾಣುತ್ತಿತ್ತು.

"ಮೂರು ತಿಂಗಳಲ್ಲ, ಎರಡು ವರ್ಷ ಆಯ್ತು," ಎಂದ ಅವನು. ಇಂಗ್ಲಿಷು ತೊಡರಿತು. "ಅವಳು ಆಗಲೇ ನನಗೆ ಹೇಳಿದ್ದಳು. ಎಷ್ಟೋ ಸಲ ಹೇಳಿದ್ದಳು. ನಾನು ನಂಬಲಿಲ್ಲ."

"ಪಪ್ಪಾ, ಪರ್ವಾಗಿಲ್ಲ," ಎಂದಳು ನಿಶ್ಮಿತಾ ಮೆಲ್ಲಗೆ.

ಜುಮಾನಾ ಮೊದಲು ಬರೆದದ್ದನ್ನು ಅಳಿಸಿ ಮತ್ತೆ ಟೈಪ್ ಮಾಡಿದಳು. ಅವಳು ತನ್ನನ್ನು ಬೈಯುತ್ತಾಳೆ, ಇಲ್ಲವೇ ತಲೆ ಕೊಡವುತ್ತಾಳೆ ಎಂದು ಸುಶಾಂತ ಕಾದ. ಅವಳು ಎರಡನ್ನೂ ಮಾಡಲಿಲ್ಲ. ಕೊನೆಗೆ ಅವನೇ ಕೇಳಿದ, ಆಗಲೇ ತಂದಿದ್ದರೆ ಏನಾಗುತ್ತಿತ್ತು ಎಂದು.

"ಬಹುಶಃ ಅಲ್ಲಿಗೇ ನಿಲ್ಲಿಸಬಹುದಿತ್ತು," ಎಂದಳು ಜುಮಾನಾ. "ಎಡಗಣ್ಣಿನಲ್ಲಿ ಸಣ್ಣ ಕಲೆ ಉಳಿದಿದೆ. ಅದು ಹೋಗುವುದಿಲ್ಲ. ಇನ್ನು ಹೆಚ್ಚಾಗದಂತೆ ನೋಡೋಣ."

ಅಪ್ಪ ಮಗಳು ಹೊರಗೆ ಬಂದರು. ಕ್ಲಿನಿಕ್ಕಿನ ಪಕ್ಕದ ಮಲಯಾಳಿ ಕೆಫೆಟೇರಿಯಾದಲ್ಲಿ ಸುಶಾಂತ ಎರಡು ಕರಕ್ ಚಹಾ ತಂದ. ನಿಶ್ಮಿತಾ ಚಹಾ ಮುಟ್ಟಲಿಲ್ಲ. ರಸ್ತೆಯಾಚೆ ಬಾಲ್ಕನಿಗಳಿಗೆ ಪಾರಿವಾಳ ಬರದಂತೆ ಬಲೆ ಕಟ್ಟಿದ್ದರು, ಅವಳು ಅದನ್ನೇ ನೋಡುತ್ತಿದ್ದಳು. ಬಲೆಯ ಕಣ್ಣು ಕಣ್ಣೂ ಬೇರೆಬೇರೆ ಕಾಣ್ತದೆ ಎಂದು ನಕ್ಕಳು. ಬೋರ್ಡುಗಳನ್ನು ಓದಿದಳು, ಸಣ್ಣ ಅಕ್ಷರದ ಫೋನ್ ನಂಬರುಗಳನ್ನೂ ಓದಿದಳು. ಆಮೇಲೆ ತಿರುಗಿ ಅಪ್ಪನ ಮುಖವನ್ನು ನೋಡುತ್ತ ಕೂತಳು, ಸ್ವಲ್ಪ ಹೆಚ್ಚೇ ಹೊತ್ತು.

"ಎಂತ?" ಎಂದ ಅವನು.

"ಬ್ಯಾಡ್ಮಿಂಟನ್ ಕೋರ್ಟಲ್ಲಿ ನಿಮ್ಮ ಮುಖ ಕಾಣ್ತಿರ್ಲಿಲ್ಲ ಪಪ್ಪಾ. ವಾಯ್ಸ್ ಮಾತ್ರ ಕೇಳ್ತಿತ್ತು. ನೀವು ಯಾವಾಗ್ಲೂ ಆಂಗ್ರಿ ಅಂತ ಅನ್ಕೊಳ್ತಿದ್ದೆ." ಅವಳು ಲೋಟದ ಅಂಚನ್ನು ಬೆರಳಿಂದ ಒರೆಸಿದಳು. "ಹಾಗೆ ಇರ್ಲಿಕ್ಕಿಲ್ಲ ಅಲ್ವಾ?"

ಆಗ ತನ್ನ ಮುಖ ಹೇಗಿತ್ತೆಂದು ಸುಶಾಂತನಿಗೆ ನೆನಪಿತ್ತು. ಅದು ಅವಳಿಗೆ ಕಾಣದೆ ಇದ್ದದ್ದೇ ಒಳ್ಳೆಯದಾಯಿತು ಎಂಬ ಯೋಚನೆ ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಷ್ಟರಲ್ಲಿ ಫೋನ್ ಬಂತು. ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವ ಹರಿಣಾಕ್ಷಿಗೆ ಆ ದಿನ ರಜೆ ಸಿಕ್ಕಿರಲಿಲ್ಲ. ಬಿಡುವಾದದ್ದೇ ಮಾಡಿದ್ದಳು. ಡಾಕ್ಟರು ಎರಡು ವರ್ಷದ ಹಿಂದೆಯೇ ನೋಡಿದ್ದರಲ್ಲ, ಅವರಿಗೆ ಗೊತ್ತಾಗಲಿಲ್ಲವಂತೆಯಾ ಎಂದು ಕೇಳಿದಳು. ನಿಶ್ಮಿತಾ ಕೈ ಚಾಚಿದಳು, ಫೋನ್ ತಾನು ತೆಗೆದುಕೊಂಡು ಏನಾದರೂ ಹೇಳಿಬಿಡುವವಳಂತೆ. ಸುಶಾಂತ ಕೊಡಲಿಲ್ಲ.

"ಡಾಕ್ಟರು ನೋಡಿರ್ಲಿಲ್ಲ ಹರಿಣಾ," ಎಂದ. "ನಾನು ಕರ್ಕೊಂಡು ಹೋದದ್ದು ಕನ್ನಡಕದ ಅಂಗಡಿಗೆ. ನಿನ್ನ ಹತ್ತಿರ ಸುಳ್ಳು ಹೇಳಿದ್ದು."

ಆ ಕಡೆ ಪ್ರಿಂಟರಿನ ಸದ್ದು, ಯಾರೋ ಮಕ್ಕಳ ಮಾತು ಕೇಳಿಸುತ್ತಿತ್ತು. ಹರಿಣಾಕ್ಷಿ, "ಈಗ ಅವಳಿಗೆ ಕಾಣ್ತದಾ?" ಎಂದು ಕೇಳಿದಳು. ಕಾಣ್ತದೆ ಎಂದ. ಅವಳು ಫೋನ್ ಇಟ್ಟಳು.

ಕ್ಲಿನಿಕ್ಕಿಗೆ ಮರಳಿದಾಗ ಜುಮಾನಾ ದೀಪ ಹಿಡಿದು ಪರೀಕ್ಷಿಸಿ, ಅಳತೆ ಚೆನ್ನಾಗಿ ಕೂತಿದೆ ಎಂದಳು. ಇವು ಅಳತೆಗೆಂದು ಇಟ್ಟುಕೊಂಡ ಲೆನ್ಸುಗಳು, ನಿಶ್ಮಿತಾಳದ್ದನ್ನು ಮಾಡಿಸಿ ತರಿಸಲು ಕೆಲವು ವಾರ ಹಿಡಿಯುತ್ತದೆ. ಮನೆ ತನಕವಾದರೂ ಇರಲಿ ಎಂದು ಹುಡುಗಿ ಕೇಳಿದಳು. ಆಗುವುದಿಲ್ಲ ಎಂದಾಗ ವಾದ ಮಾಡಲಿಲ್ಲ. ರಬ್ಬರ್ ಕಡ್ಡಿಯಿಂದ ಎರಡನ್ನೂ ಎಳೆದು ತೆಗೆಸಿಕೊಂಡು, ಕನ್ನಡಕಕ್ಕಾಗಿ ಕೈ ಚಾಚಿದಳು.

ಮಧ್ಯಾಹ್ನದ ಬಿಸಿಲು ಕಾರುಗಳ ಮೇಲೆ ಬಿದ್ದು ಪಾರ್ಕಿಂಗ್ ಪೂರ್ತಿ ಹೊಳೆಯುತ್ತಿತ್ತು. ಸುಶಾಂತ ಎಂದಿನಂತೆ ಮುಂದೆ ಹೋದವನು ಕಾರಿನ ಬಳಿ ನಿಂತು ತಿರುಗಿದ. ಮಗಳು ಕಾಲುದಾರಿಯ ಅಂಚಿಗೆ ಬಂದಿದ್ದಳು. ಅಲ್ಲಿ ಒಂದು ಕ್ಷಣ ತಡೆದು, ಚಪ್ಪಲಿಯ ತುದಿಯನ್ನು ಗಾಳಿಯಲ್ಲಿ ಮೆಲ್ಲಗೆ ಕೆಳಗಿಳಿಸಿ, ನೆಲ ಎಲ್ಲಿದೆಯೆಂದು ತಡಕಿದಳು. ಸಿಕ್ಕಿದ ಮೇಲೆ ಇನ್ನೊಂದು ಕಾಲನ್ನೂ ಇಟ್ಟು, ಯಾರಿಗೂ ಗೊತ್ತಾಗದ ಹಾಗೆ, ಸಲೀಸಾಗಿ ಅವನ ಕಡೆಗೆ ನಡೆದುಬಂದಳು.